ನಾಲ್ಕಕ್ಕೆ ಸಾಲದ ಮುಲಾಮು

ನಮ್ಮ ಮನೆಯ ನಾಯಿಗೆ ಕಿವಿಯಲ್ಲಿ ಹುಣ್ಣಾಗಿದೆ. ನನಗೆ ಮಂಡಿನೋವು ಬಂದು ಎಷ್ಟೋ ವರ್ಷವಾಯಿತು, ಅದು ಸುದ್ದಿಯಲ್ಲ. ಜಿಮ್ಮಿಯ ಕಿವಿ ಸುದ್ದಿ. ಬೆಳಿಗ್ಗೆ ಮಗಳು ಎರಡು ಚೀಟಿ ಕೈಗಿಟ್ಟು, ದೇವಸ್ಥಾನದಿಂದ ಬರುವಾಗ ಹಾಗೇ ಔಷಧಿ ಅಂಗಡಿಗೂ ಹೋಗಿ ಬಾಮ್ಮ ಎಂದಳು. ಒಂದು ನನ್ನ ಮಂಡಿಯ ಚೀಟಿ, ಇನ್ನೊಂದು ಅದರ ಕಿವಿಯದು.

ಅಂಗಡಿಯವನು ನನ್ನ ಮಾತ್ರೆಗಳನ್ನು ಒಂದು ಕಾಗದದ ಪೊಟ್ಟಣಕ್ಕೆ ಸುರಿದ. ಜಿಮ್ಮಿಯ ಮುಲಾಮು ಮಾತ್ರ ರಟ್ಟಿನ ಡಬ್ಬಿಯಲ್ಲಿತ್ತು, ಅದರ ಮೇಲೆ ನಗುತ್ತಿರುವ ನಾಯಿಯ ಚಿತ್ರ ಬೇರೆ. ಇಷ್ಟು ವರ್ಷ ಮಾತ್ರೆ ನುಂಗಿದ್ದೇನೆ, ನಗುವ ಮುದುಕಿಯ ಚಿತ್ರವನ್ನು ಯಾರೂ ಹಾಕಿದ್ದು ನೋಡಿಲ್ಲ. ಅವನು ಬೆಲೆ ಹೇಳಿದ. ಎರಡೂ ಸೇರಿಯೇನಪ್ಪ ಎಂದು ಕೇಳಿದೆ. "ಇಲ್ಲ ಅಜ್ಜಿ, ಅದು ನಾಯಿದು ಮಾತ್ರ" ಎಂದ. ದೇವರು ದೊಡ್ಡವನು, ನಾನು ನಿಂತಿದ್ದ ಜಾಗದಲ್ಲೇ ಒಂದು ಬೆಂಚು ಇಟ್ಟಿದ್ದ.

ಕೂತೆ. ಮುಲಾಮು ಒಣಗಿಲ್ಲ ತಾನೇ ಎಂದು ನಾನು ಅನುಮಾನ ತೆಗೆದದ್ದಕ್ಕೆ ಅವನು ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಹಿಡಿದ. ಕಹಿ ಸೊಪ್ಪನ್ನು ಅರೆದು ಜಿಡ್ಡಿನಲ್ಲಿ ಕಲಸಿದಂಥ ವಾಸನೆ. ಆ ವಾಸನೆ ನನ್ನನ್ನು ಯುದ್ಧದ ಕಾಲಕ್ಕೆ, ಮಂಡ್ಯದ ಹತ್ತಿರದ ಹೊಳಲಿನ ನಮ್ಮ ಕೊಟ್ಟಿಗೆಗೆ ಕರೆದುಕೊಂಡು ಹೋಯಿತು. ಬನ್ನಿ, ನೀವೂ ಬನ್ನಿ. ಹೇಗಿದ್ದರೂ ಅಂಗಡಿಯವನು ಬೇರೆ ಗಿರಾಕಿಗೆ ಚಿಲ್ಲರೆ ಹುಡುಕುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತಾನೆ.

ಆಗ ಈ ಮಗಳು ಮೂರು ತಿಂಗಳ ಕೂಸು. ಬಾಣಂತನದಲ್ಲೇ ನನಗೆ ಜ್ವರ ಹತ್ತಿ, ಎದೆಯಲ್ಲಿ ಹಾಲು ಬತ್ತಿಹೋಗಿತ್ತು. ಎಮ್ಮೆ ಹಾಲು ಕೊಟ್ಟರೆ ಕೂಸು ಕಕ್ಕುತ್ತಿತ್ತು. ಪಕ್ಕದ ಮನೆಯ ಹಸುವಿನ ಹಾಲು ಅಂದರೆ ನೀರಿಗೆ ಹಾಲಿನ ಪರಿಚಯ ಮಾಡಿಸಿ ಕಳಿಸುತ್ತಿದ್ದರು. ಕೂಸಿನ ಹೊಟ್ಟೆಗೆ ಒಗ್ಗಿದ್ದು ನಮ್ಮ ಗೌರಿಯ ಹಾಲೊಂದೇ. ಗೌರಿ ಅಂದರೆ ನಮ್ಮ ಅತ್ತೆಯ ಹಸು. ಗಿಡ್ಡ ಜಾತಿ, ಕೆಂಪು ಬಣ್ಣ, ಅತ್ತೆಯಂಥದೇ ಸಿಡುಕು. ನನ್ನ ಹೆರಿಗೆಯಾದ ತಿಂಗಳೊಪ್ಪತ್ತಿಗೆ ಅದೂ ಕರು ಹಾಕಿತ್ತು. ಕರುವಿಗೆ ಒಂದು ಪಾಲು, ಕೂಸಿಗೆ ಒಂದು ಪಾಲು, ದೇವರ ಅಭಿಷೇಕಕ್ಕೆ ಒಂದು ಚಮಚ. ಮನೆದೇವರು ಮಾದಪ್ಪ ನಮ್ಮ ಪಾಲಿಗೆ ಇಷ್ಟು ನಡೆಸುತ್ತಿದ್ದಾನಲ್ಲ ಎಂದು ದಿನವೂ ಕೈಮುಗಿಯುತ್ತಿದ್ದೆ.

ಹಾಗೆ ಕೈಮುಗಿದದ್ದು ಅತಿಯಾಯಿತೋ ಏನೋ, ಒಂದು ಬೆಳಿಗ್ಗೆ ಗೌರಿಯ ಕೆಚ್ಚಲು ಕಲ್ಲಿನಂತಾಗಿತ್ತು. ಕೈ ಹಾಕಿದರೆ ಒದೆಯುತ್ತದೆ, ಕರುವನ್ನೂ ಹತ್ತಿರ ಸೇರಿಸುವುದಿಲ್ಲ. ಹಿಂಡಿದರೆ ಒಡೆದ ಮಜ್ಜಿಗೆಯಂಥದು ಎರಡು ಹನಿ. ಮನೆಯ ಗಂಡಸರು ನೋಡಿ ಗಂಭೀರವಾಗಿ ತಲೆ ಅಲ್ಲಾಡಿಸಿ ಕಬ್ಬು ಕಡಿಯಲು ಹೋದರು. ತಲೆ ಅಲ್ಲಾಡಿಸಿದ್ದಕ್ಕೆ ಅವರಿಗೂ ಪುಣ್ಯ ಬರಲಿ.

ದನದ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ಒಳ್ಳೆಯವರು, ಕಾಸು ಕೇಳಲಿಲ್ಲ. ಕೆಚ್ಚಲು ಮುಟ್ಟಿ ನೋಡಿ, ಗೌರಿ ಒದ್ದದ್ದನ್ನು ಮರ್ಯಾದೆಯಿಂದ ಸಹಿಸಿ, ಚೀಟಿ ಬರೆದರು. ಔಷಧಿ ಅವರ ಹತ್ತಿರ ಮುಗಿದಿತ್ತು, ಮಂಡ್ಯದ ಅಂಗಡಿಯಲ್ಲಿ ಕೊಳ್ಳಬೇಕು. ಚೀಟಿ ಧರ್ಮಕ್ಕೆ, ಔಷಧಿ ದುಡ್ಡಿಗೆ. ಆ ಏರ್ಪಾಡು ಈಗಲೂ ಏನೂ ಕೆಟ್ಟಿಲ್ಲ ನೋಡಿ, ಈಗ ಚೀಟಿಗೂ ದುಡ್ಡು, ಅಷ್ಟೇ.

ಅತ್ತೆ, ನಾನು, ಹಸಿದು ಅಳುವ ಕೂಸು ಗಾಡಿ ಕಟ್ಟಿಸಿಕೊಂಡು ಮಂಡ್ಯಕ್ಕೆ ಬಂದೆವು. ಅಂಗಡಿಯವನು ಚೀಟಿ ಓದಿ, ಸಾವಿನ ಸುದ್ದಿ ಹೇಳುವವನ ಮುಖ ಮಾಡಿಕೊಂಡು ಬೆಲೆ ಹೇಳಿದ. ಆ ಬೆಲೆಗೆ ಕೆಚ್ಚಲಿನ ಜೊತೆಗೆ ಇಡೀ ಹಸುವನ್ನೇ ಕೊಡುತ್ತಾನೆಂದುಕೊಂಡೆ. ಯುದ್ಧ ಕಣಮ್ಮ, ಎಲ್ಲಾ ಮಾಲೂ ಸಿಪಾಯಿಗಳಿಗೆ ಹೋಗುತ್ತಿದೆ ಎಂದ. ಸೀಮೆಎಣ್ಣೆ ಇಲ್ಲ ಎಂದರೆ ಯುದ್ಧ, ಸಕ್ಕರೆ ಇಲ್ಲ ಎಂದರೆ ಯುದ್ಧ. ಅದನ್ನಾದರೂ ಒಪ್ಪಬಹುದು. ಆದರೆ ಹಸುವಿನ ಕೆಚ್ಚಲಿನ ಮುಲಾಮನ್ನು ಸಿಪಾಯಿಗಳು ಎಲ್ಲಿಗೆ ಹಚ್ಚಿಕೊಳ್ಳುತ್ತಿದ್ದರೋ ನನಗೆ ಇಂದಿಗೂ ತಿಳಿಯದು.

ಅತ್ತೆ ಡಬ್ಬಿಯನ್ನು ಮೂಸಿ ನೋಡಿ ಕೇಳಿದರು: "ಮುಲಾಮು ಬುಡು. ಈ ವಾಸ್ನೆಗೇ ಎಷ್ಟಾಯ್ತದೆ ಏಳಪ್ಪ."

ಅವನಿಗೆ ಸಿಟ್ಟು ಬಂತು. ಬಿಟ್ಟಿ ಬೇಕಾದರೆ ಧರ್ಮಾಸ್ಪತ್ರೆಗೆ ಹೋಗಿ, ಬಾಣಂತಿಯರ ಎದೆ ಬಾತರೆ ಇದೇ ಮುಲಾಮನ್ನು ಸುಮ್ಮನೆ ಕೊಡುತ್ತಾರೆ ಎಂದು ಗದರಿದ. ಅವನು ಬೈದದ್ದು. ಅತ್ತೆ ಅದನ್ನು ಬುದ್ಧಿಮಾತು ಎಂದು ತೆಗೆದುಕೊಂಡು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಹೊರಟರು. ಅವರ ಲೆಕ್ಕ ಸರಳ: ಗೌರಿಯೂ ಬಾಣಂತಿ. ದಾರಿಯಲ್ಲಿ ನನಗೆ ಎಚ್ಚರಿಕೆಯನ್ನೂ ಕೊಟ್ಟರು. "ಇವತ್ತು ಮಾದಪ್ಪನ ಸ್ವಾಮಾರ ಕಣಮ್ಮಿ, ಸುಳ್ಳಾಡಬ್ಯಾಡ. ಕೇಳಿದ್ಕೆ ನಾ ಏಳ್ತೀನಿ. ನೀನು ಬಾಯ್ ಮುಚ್ಕೊಂಡು ನಿಂತ್ಕೊ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯವರು ಎಲ್ಲದರಲ್ಲೂ ಧಾರಾಳಿಗಳು, ಹಕಾರ ಒಂದರಲ್ಲಿ ಮಾತ್ರ ಜಿಪುಣರು. ಹಾಲು ಆಲಾಗುತ್ತದೆ, ಹೊಲ ಒಲವಾಗುತ್ತದೆ. ಧರ್ಮಾಸ್ಪತ್ರೆಯ ಡಾಕ್ಟರಾದರೋ ಕರಾವಳಿಯಿಂದ ಹೊಸದಾಗಿ ಬಂದವರು, ಪುಸ್ತಕ ಓದಿದ ಹಾಗೆ ಮಾತಾಡುವವರು. ಅತ್ತೆ ಅವರ ಮುಂದೆ ಕೈಮುಗಿದು ಹೇಳಿದ್ದು ಇಷ್ಟೇ: "ಅಸು ಉಳಿಸ್ಕೊಡಿ ಸ್ವಾಮಿ."

ಪುಸ್ತಕ ಓದಿದವರಿಗೆ ಅಸು ಎಂದರೆ ಪ್ರಾಣ. ಯಾರ ಪ್ರಾಣ ಎಂದು ಅವರು ಸುತ್ತ ನೋಡಿದರು. ಕಣ್ಣು ಗುಳಿಬಿದ್ದು, ಹೆಗಲ ಮೇಲೆ ಕೂಸು ಹಾಕಿಕೊಂಡು ಕಡ್ಡಿಯಂತೆ ನಿಂತಿದ್ದವಳು ನಾನೊಬ್ಬಳೇ.

ಹೆಸರು ಕೇಳಿದರು. ಗೌರಿ ಎಂದರು ಅತ್ತೆ. ಹೆರಿಗೆಯಾಗಿ ಎಷ್ಟು ದಿನ ಎಂದರು. ಎರಡು ತಿಂಗಳು, ಇದು ಮೂರನೆಯದು ಎಂದರು ಅತ್ತೆ. ಇಷ್ಟು ಚಿಕ್ಕ ವಯಸ್ಸಿಗೆ ಮೂರನೆಯದೇ ಎಂದು ಡಾಕ್ಟರು ನನ್ನ ಕಡೆ ಮರುಕದಿಂದ ನೋಡಿದರು. ನನಗೆ ಅಷ್ಟರಲ್ಲಿ ಏನಾಗುತ್ತಿದೆ ಎಂದು ಗೊತ್ತಾಗಿತ್ತು, ಆದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಅಪ್ಪಣೆಯಾಗಿತ್ತಲ್ಲ.

"ಮಲಗಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆಯೇ?"

"ಮಲಗಾಕೇ ಒಲ್ಲಳು ಸ್ವಾಮಿ, ನಿಂತೇ ಅವಳೆ. ಆಲು ಕಟ್ಕಂಡದೆ. ಕೈ ಆಕುದ್ರೆ ಒದೀತಾಳೆ."

ಡಾಕ್ಟರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡರು. ಕೂಸು ಕುಡಿಯುವುದು ಅವಳ ಹಾಲನ್ನೇ ಏನು ಎಂದು ಕೇಳಿದರು.

"ಅವಳದ್ದೇ ಸ್ವಾಮಿ. ಅವಳು ಬುಟ್ರೆ ಈ ಮಗಕ್ಕೆ ಇನ್ಯಾರೂ ಗತಿ ಇಲ್ಲ."

ಇದನ್ನು ಹೇಳುವಾಗ ಅತ್ತೆಯ ದನಿ ನಡುಗಿತು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರು ಚೀಟಿ ಬರೆದು, ಕಪ್ಪು ಮುಲಾಮಿನ ಸಣ್ಣ ಡಬ್ಬಿ ತರಿಸಿ, ಬಿಸಿನೀರಿನ ಶಾಖ ಕೊಟ್ಟು ಎರಡೂ ಕಡೆ ತೆಳ್ಳಗೆ ಹಚ್ಚಬೇಕೆಂದು ವಿವರಿಸಿದರು. ಅತ್ತೆ ಮುಚ್ಚಳ ತೆಗೆದು ಒಳಗೆ ಇಣುಕಿದರು.

"ಸ್ವಾಮಿ, ಇದು ಎಲ್ಡಕ್ಕೆ ಆಯ್ತದೆ. ನಾಕಕ್ಕೆ ಸಾಲಾಕಿಲ್ಲ."

"ನಾಲ್ಕಕ್ಕೆ?"

"ನಾಕಕ್ಕೆ."

ಡಾಕ್ಟರು ನನ್ನನ್ನು ನೋಡಿದರು. ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಎಂದು ಮಾದಪ್ಪನನ್ನು ಕೇಳಿಕೊಂಡೆ. ಅವನು ಭೂಮಿಯ ಬದಲು ನನ್ನ ಬಾಯಿ ಬಿಡಿಸಿದ. "ಗೌರಿ ನಾನಲ್ಲ ಸ್ವಾಮಿ. ಗೌರಿ ನಮ್ಮ ಹಸು" ಎಂದೆ. ಹುಟ್ಟಿದಾಗಿನಿಂದ ಉಳಿಸಿಕೊಂಡಿದ್ದ ಹಕಾರವನ್ನೆಲ್ಲ ಆ ಒಂದು ಮಾತಿಗೆ ಖರ್ಚು ಮಾಡಿದೆ.

ಡಾಕ್ಟರ ಮುಖ ಕೆಂಪೇರಿತು. ಡಬ್ಬಿಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಧರ್ಮಾಸ್ಪತ್ರೆ ಇರುವುದು ಮನುಷ್ಯರಿಗೆ ಎಂದರು. ಸಾಲಿನ ಹೆಂಗಸರು ಕಿಸಿಕಿಸಿ ನಗತೊಡಗಿದರು. ಅತ್ತೆ ನಗಲಿಲ್ಲ, ಅಳಲೂ ಇಲ್ಲ. ನನ್ನ ಹೆಗಲ ಮೇಲಿನ ಕೂಸನ್ನು ಎತ್ತಿ ಮೇಜಿನ ಮೇಲೆ, ಆ ಡಬ್ಬಿಯ ಪಕ್ಕದಲ್ಲೇ ಮಲಗಿಸಿದರು.

"ಇದು ಮನುಸ್ರದ್ದೇ ಸ್ವಾಮಿ. ಅಸು ಓದ್ರೆ ಇದೂ ಓಯ್ತದೆ."

ಯಾವ ಅಸು ಎಂದು ಡಾಕ್ಟರು ಈ ಸಲ ಸುತ್ತ ನೋಡಲಿಲ್ಲ. ಕೂಸಿನ ಹೊಟ್ಟೆ ಮುಟ್ಟಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಆಮೇಲೆ ನನ್ನ ನಿಜವಾದ ಹೆಸರೇನೆಂದು ಕೇಳಿದರು. ಹೇಳಿದೆ. ಇನ್ನೊಂದು ಚೀಟಿ ಬರೆದರು.

"ಒಬ್ಬ ಬಾಣಂತಿಗೆ ಒಂದು ಡಬ್ಬಿ, ಅದು ನಿಯಮ. ನಿಮ್ಮ ಮನೆಯಲ್ಲಿ ಇಬ್ಬರಿದ್ದಾರೆ."

ಮುಲಾಮು ವಿಷ, ಬಾವು ಇಳಿದು ಕೆಚ್ಚಲನ್ನು ಚೆನ್ನಾಗಿ ತೊಳೆಯುವ ತನಕ ಆ ಹಾಲನ್ನು ಕೂಸಿಗೂ ಕರುವಿಗೂ ಕೊಡಕೂಡದು ಎಂದು ಮತ್ತೆ ಮತ್ತೆ ಹೇಳಿದರು. ಅಲ್ಲಿಯವರೆಗೆ ಇರಲಿ ಎಂದು ಕಪಾಟಿನಿಂದ ಹಾಲಿನ ಪುಡಿಯ ಡಬ್ಬಿಯನ್ನೂ ತೆಗೆದುಕೊಟ್ಟರು. ಅದನ್ನು ನನ್ನ ಹೆಸರಿಗೇ ಬರೆದುಕೊಂಡರು. ಹೊರಗೆ ಬಂದ ಮೇಲೆ ಅತ್ತೆ ನಿಟ್ಟುಸಿರು ಬಿಟ್ಟು, "ಒಳ್ಳೇ ಮನ್ಸ ಕಣಮ್ಮಿ. ಕನ್ನಡ ಒಂದು ಬರಾಕಿಲ್ಲ, ಪಾಪ" ಎಂದರು.

ಗೌರಿಯ ಮೂರು ಮೊಲೆ ಸರಿಹೋದವು. ನಾಲ್ಕನೆಯದು ಬತ್ತಿಯೇ ಹೋಯಿತು. ಕೂಸಿಗೆ ಮೂರು ಸಾಕು ಎಂದು ಅತ್ತೆ ಮಾದಪ್ಪನಿಗೆ ಕರ್ಪೂರ ಹಚ್ಚಿದರು, ನಾನೂ ಕೈಮುಗಿದೆ. ಕರುವಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವತ್ತಿನಿಂದ ಅತ್ತೆಯ ಬಾಯಲ್ಲಿ ಗೌರಿ 'ದೊಡ್ಡ ಸೊಸೆ'ಯಾದಳು. ಸರ್ಕಾರವೇ ಒಪ್ಪಿಕೊಂಡಿದೆಯಲ್ಲ. ಹಬ್ಬದ ದಿನ ಮೊದಲ ಹೋಳಿಗೆ ದೊಡ್ಡ ಸೊಸೆಗೆ, ಮೈ ತೊಳೆಸುವುದಕ್ಕೆ ಬಿಸಿನೀರು ದೊಡ್ಡ ಸೊಸೆಗೆ. ದೊಡ್ಡ ಸೊಸೆ ಎದುರು ಮಾತಾಡುವುದಿಲ್ಲ, ತವರಿಗೆ ಹೋಗುತ್ತೇನೆ ಎನ್ನುವುದಿಲ್ಲ. ಮಳವಳ್ಳಿಯ ತವರಿಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದ ನನಗೆ ಈ ಮಾತು ಎಲ್ಲಿಗೆ ನಾಟುತ್ತಿತ್ತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನಗಿದ್ದ ಓರಗಿತ್ತಿ ಅವಳೊಬ್ಬಳೇ. ಒದೆಯುತ್ತಿದ್ದಳು ನಿಜ, ಚಾಡಿ ಹೇಳುತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಗೌರಿ ತೀರಿಹೋದ ದಿನ ಅತ್ತೆ ಒಲೆ ಹಚ್ಚಲಿಲ್ಲ. ಮನೆಯ ಹೆಣ್ಣುಮಗಳು ಹೋದಾಗ ಹಚ್ಚುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ಇಲ್ಲ, ಹಚ್ಚುವುದಿಲ್ಲ ಎಂದೆ.

ಅಂಗಡಿಯವನಿಗೆ ಕೊನೆಗೂ ಚಿಲ್ಲರೆ ಸಿಕ್ಕಿತು. "ಅಜ್ಜಿ, ಎರಡು ಬೇರೆ ಬೇರೆ ಬಿಲ್ ಹಾಕ್ಲಾ?" ಎಂದು ಕೂಗಿದ.

ಎದ್ದು ಹೋದೆ. ಬೆಂಚಿನ ಮೇಲೆ ಕೂರುವಾಗ ನಾಯಿಯ ಮುಲಾಮನ್ನು ವಾಪಸು ಕೊಟ್ಟು, ಬೇವಿನೆಣ್ಣೆ ಹಚ್ಚಿದರೆ ಸಾಕೆಂದು ಮಗಳಿಗೆ ಹೇಳೋಣ ಎಂದು ನಿರ್ಧಾರ ಮಾಡಿದ್ದೆ. ಆದರೆ ಮೂರು ಮೊಲೆಯ ಹಸುವಿನ ಹಾಲು ಕುಡಿದು ಬೆಳೆದವಳ ಮುಂದೆ ಆ ಮಾತನ್ನು ಯಾವ ಬಾಯಲ್ಲಿ ಹೇಳಲಿ?

"ಒಂದರಲ್ಲೇ ಹಾಕಪ್ಪ, ಇಬ್ಬರೂ ಒಂದೇ ಮನೆಯವರು" ಎಂದೆ. ನಾಯಿಯ ಮುಲಾಮಿನ ಡಬ್ಬಿ ತಿರುಗಿಸಿ ನೋಡಿದೆ. ಹೆಬ್ಬೆರಳಿನಷ್ಟಿತ್ತು. "ಇದು ಎರಡು ಕಿವಿಗೂ ಸಾಲ್ತದಾ ನೋಡು. ಸಾಲದಿದ್ರೆ ಇನ್ನೊಂದು ಕೊಟ್ಟು, ನನ್ನ ಮಾತ್ರೇಲಿ ಅರ್ಧ ತೆಗೆದಿಟ್ಕೊ."

ಮಂಡಿಗೇನೂ ಅವಸರವಿಲ್ಲ. ಅದು ಎಷ್ಟೋ ವರ್ಷದಿಂದ ನೋಯುತ್ತಿದೆ.