ಹ್ಯಾಂಡಲ್ ತಿರುಗುವಷ್ಟು ತಂತಿ

ಇನ್ನೂರ ಹತ್ತು ರೂಪಾಯಿ ಕೊಟ್ಟೆ. ಸೈಕಲ್ಲಿಗಲ್ಲ, ಹಿಂದಿನ ಬ್ರೇಕಿಗೊಂದು ತಂತಿ, ಅದರ ಹೊರಕೊಳವೆ, ಎರಡನ್ನೂ ಸೈಕಲ್ಲಿನ ಮೈಗೆ ನೆಟ್ಟಗೆ ಕಟ್ಟಿಸಿದ್ದಕ್ಕೆ. ಜಾಸ್ತಿಯಾಯಿತು ಅನ್ನಿಸುತ್ತದಲ್ಲವೇ? ಸಂತೆಯಿಂದ ಸಂತೆಗೆ ಪ್ಲಾಸ್ಟಿಕ್ ಸಾಮಾನು ಹೊತ್ತು ಮೇಲೆ ಬಂದವನು ನಾನು, ಐದು ರೂಪಾಯಿಗೂ ಹತ್ತು ಮಾತಾಡುತ್ತೇನೆ. ಆದರೆ ಈ ಖರ್ಚು ನಾನೇ ಮೈಮೇಲೆ ಎಳೆದುಕೊಂಡದ್ದು.

ನನ್ನ ಹೆಂಡತಿ ನಲವತ್ತೈದು ದಾಟಿದ ಮೇಲೆ ಸೈಕಲ್ ಕಲಿತಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳ ಕೆಲಸ. ದಿನಾ ಆಟೊ ಕಾಯುವುದು ಸಾಕಾಗಿ, ಹಟ ಹಿಡಿದು, ಬಿದ್ದು ಎದ್ದು ಕಲಿತಳು. ಹೊನ್ನಾಳಿಯ ಒಂದು ಮನೆಯಿಂದ ಹಳೇ ಲೇಡೀಸ್ ಸೈಕಲ್ ಚೌಕಾಸಿ ಮಾಡಿ ತಂದುಕೊಟ್ಟೆ. ಹಿಂದಿನ ಬ್ರೇಕಿನ ತಂತಿ ಹ್ಯಾಂಡಲ್ ಮುಂದೆ ಕಮಾನಿನ ಹಾಗೆ ಉಬ್ಬಿಕೊಂಡಿತ್ತು. ನನ್ನ ಕಣ್ಣಿಗೆ ಅದು ಬರೀ ವೇಸ್ಟು. ಹೊರಕೊಳವೆಯನ್ನು ನಾಲ್ಕು ಬೆರಳಷ್ಟು ಕತ್ತರಿಸಿದೆ, ತಂತಿ ಎಳೆದು ಬಿಗಿದೆ, ಸಂತೇಬೆನ್ನೂರು ಸಂತೆಯಲ್ಲಿ ನಾನೇ ಮಾರುವ, ತಂತಿ ಬಿಗಿಯುವ ಪ್ಲಾಸ್ಟಿಕ್ ಟ್ಯಾಗ್ ಹದಿನೆಂಟು ಹಾಕಿ ಇಕ್ಕಳದಲ್ಲಿ ಜಗ್ಗಿದೆ. ಗೆರೆ ಎಳೆದ ಹಾಗೆ ಕೂತಿತು. ಬಾಗಿಲಲ್ಲಿ ನಿಲ್ಲಿಸಿ ಎರಡು ಸಲ ನೋಡಿ ಖುಷಿಪಟ್ಟೆ.

ಮೂರನೇ ದಿನ ಶಾಲೆಯ ಗೇಟಿಗೆ ತಿರುಗುವಾಗ ಸೈಕಲ್ ಗಕ್ಕನೆ ನಿಂತು, ಅವಳು ಮಕ್ಕಳೆದುರೇ ಬಿದ್ದಳು. ಮೊಣಕಾಲು ತರಚಿತ್ತು.

"ಬ್ರೇಕ್ ಹಿಡಿದ ನೆನಪಿಲ್ಲ. ಹಿಡಿದೇ ಇರ್ತೀನಿ, ನನ್ನ ಕೈಯಾಗೇ ಐಬೈತೆ," ಅಂದಳು. "ಈ ವಯಸ್ನಾಗೆ ಕಲಿಯಾಕೆ ಹೋಗಿದ್ದೇ ತಪ್ಪು. ಮಾರಿಬಿಡ್ರಿ."

ನಾನು ಕಟ್ಟಿದ ತಂತಿಯ ಮೇಲೇ ನನಗೆ ಒಳಗೊಳಗೇ ಅನುಮಾನ ಬಂದಿತ್ತು. ಮರುದಿನ ಅವಳು ಕುಂಟುತ್ತಾ ಆಟೊಗೆ ಕಾದು ನಿಂತದ್ದು ನೋಡಲಾಗಲಿಲ್ಲ. ಸಂಜೆ ಅವಳನ್ನೂ ಹೊರಡಿಸಿ, ಸೈಕಲ್ ತಳ್ಳಿಕೊಂಡು ನಮ್ಮೂರು ನ್ಯಾಮತಿಯ ಸೈಕಲ್ ಶಾಪಿಗೆ ಹೋದೆ. ತಂದೆಯಿಂದ ಕೆಲಸ ಕಲಿತ ಹೆಂಗಸೊಬ್ಬಳು ಆ ಅಂಗಡಿ ನಡೆಸುತ್ತಾಳೆ.

ನೋಡಿದ್ದೇ ನಕ್ಕಳು. "ಅಣ್ಣಾ, ತಂತಿ ಕಟ್ಟೀರೋ, ಓಡಿಹೋಗೋ ಎಮ್ಮೆ ಕಟ್ಟೀರೋ?"

ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದಳು. ಹಿಂದಿನ ಗಾಲಿ ಸರ್ರನೆ ತಿರುಗಿತು. ಬ್ರೇಕ್ ಮುಟ್ಟದೆ ಹ್ಯಾಂಡಲ್ ಎಡಕ್ಕೆ ಹೊರಳಿಸಿದಳು. ಗಿಡ್ಡವಾದ ಕೊಳವೆ ಬಿಗಿದು ತಂತಿ ಎಳೆಯಿತು, ಗಾಲಿ ಟಕ್ಕಂತ ನಿಂತಿತು.

"ಅಕ್ಕಾ, ಬ್ರೇಕ್ ನೀವು ಹಿಡಿದಿಲ್ಲ. ಅಣ್ಣಾರೇ ಹಿಡಿದಿದ್ದು, ಮನ್ಯಾಗೆ ಕುಂತು!"

ನನ್ನ ಹೆಂಡತಿ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವುದಿಲ್ಲ.

ಚನ್ನಗಿರಿಯಿಂದ ಜಗಳೂರಿನ ತನಕ ಎಷ್ಟೋ ಅಂಗಡಿಗಳ ಮುಂದೆ ಕೂತಿದ್ದೇನೆ, ಇಂಥ ಕೈ ಕಂಡಿರಲಿಲ್ಲ. ಹದಿನೆಂಟು ಟ್ಯಾಗೂ ಕತ್ತರಿಸಿ ಬಿಸಾಡಿದಳು. ಹೊಸ ಕೊಳವೆಯನ್ನು ಹ್ಯಾಂಡಲ್ ಎರಡೂ ಕಡೆ ಪೂರ್ತಿ ಹೊರಳಿಸಿ ಅಳೆದ ಮೇಲೆ ಕತ್ತರಿಸಿದಳು. ತುದಿಯನ್ನು ಅರದಿಂದ ಸಮ ಮಾಡಿ, ಮುಚ್ಚಿಕೊಂಡಿದ್ದ ಬಾಯನ್ನು ದಬ್ಬಳದಿಂದ ಬಿಡಿಸಿ ಹೊಸ ತಂತಿ ತೂರಿಸಿದಳು. ಕೊಳವೆ ಉಜ್ಜಿ ಬಣ್ಣ ಹೋಗುವ ಜಾಗಕ್ಕೆ ಹಳೇ ಟ್ಯೂಬಿನ ತುಂಡು ಸುತ್ತಿದಳು. ಹೊಸ ಟ್ಯಾಗ್ ನನ್ನ ಚೀಲದಿಂದಲೇ ಇಸಿದುಕೊಂಡಳು, ಹಾಕಿದ್ದು ನಾಲ್ಕೇ ನಾಲ್ಕು: ಕೊಳವೆ ಜಾರಬಾರದು, ಅಪ್ಪಚ್ಚಿಯೂ ಆಗಬಾರದು, ಅಷ್ಟು ಬಿಗಿ. ಟ್ಯಾಗಿನ ಗಂಟುಗಳೆಲ್ಲ ಕೆಳಮುಖ. ಬಾಲ ಕತ್ತರಿಸಿ, ಸೀರೆಗೆ ಸಿಗದೆಂದು ಬೆರಳಾಡಿಸಿ ನೋಡಿದಳು. ಹ್ಯಾಂಡಲ್ ಮುಂದೆ ಅದೇ ಕಮಾನು ಮತ್ತೆ ಎದ್ದು ನಿಂತಿತು. ಈಗ ನೋಡಿದರೆ ಅದೇ ಚೆಂದ.

ಅಭ್ಯಾಸ ಬಿಡುತ್ತದೆಯೇ? "ಟ್ಯಾಗ್ ನಂದೇ ಹಾಕೀಯ, ಹತ್ತು ರೂಪಾಯಿ ಬಿಡಮ್ಮ," ಅಂದೆ.

"ನೀವು ಕಟ್ಟಿದ್ದು ಬಿಚ್ಚಿದ ಕೂಲಿ ನಾನು ಕೇಳೇ ಇಲ್ಲ, ಹಿಡೀಲಾ ಲೆಕ್ಕಕ್ಕೆ?"

"ಸುಮ್ನೆ ಕೊಡ್ರಿ," ಅಂದಳು ಹೆಂಡತಿ. ಅಷ್ಟರಲ್ಲೇ ಅವಳು ಹ್ಯಾಂಡಲ್ ಹಿಡಿದಾಗಿತ್ತು. ಅಂಗಡಿ ಮುಂದೆ ಒಂದು ಸುತ್ತು ಹೊಡೆದಳು, ಎಡಕ್ಕೆ ತಿರುಗುವಾಗ ಉಸಿರು ಹಿಡಿದಳು, ಗಾಲಿ ನಿಲ್ಲಲಿಲ್ಲ. ಹಾಗೇ ರಸ್ತೆಗಿಳಿದು ಮನೆ ಕಡೆ ಹೋದಳು. ನಾನು ನಡೆದುಕೊಂಡೇ ಬಂದೆ.

ನೀವೂ ಸೈಕಲ್ಲಿಗೆ ಬ್ರೇಕ್ ತಂತಿ ಕಟ್ಟಿಸುವುದಾದರೆ ಕೇಳಿ. ದುಡ್ಡು ಕೊಡುವ ಮೊದಲು ಸ್ಟ್ಯಾಂಡ್ ಹಾಕಿಸಿ, ಗಾಲಿ ತಿರುಗಿಸಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ಹೊರಳಿಸಿ ನೋಡಿ. ಗಾಲಿ ಒಂಚೂರು ತಡೆದರೂ ಕೊಳವೆ ಗಿಡ್ಡ ಅಂತಲೇ ಲೆಕ್ಕ, ಬದಲಿಸಿಕೊಡಲು ಹೇಳಿ. ಮುಖ್ಯವಾಗಿ, ಸೈಕಲ್ ಯಾರು ಓಡಿಸುತ್ತಾರೋ ಅವರನ್ನೇ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಹೊರಳಿಸಿ ನೋಡಿಸಿ. ಮನೆಯಲ್ಲಿ ಯಾರಾದರೂ ಬಿದ್ದರೆ, ಅವರ ಕೈಯನ್ನು ಬೈಯುವ ಮೊದಲು ನೀವು ಕಟ್ಟಿದ ತಂತಿಯನ್ನು ನೋಡಿ.