ಮೇಡಂ ಮಾಡಿದ ರೊಟ್ಟಿ ಬಟನ್

ನಮ್ಮ ಕಂಪ್ಯೂಟರ್ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಕಂದು ಗೆರೆ ಇರುತ್ತಿತ್ತು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗದ ಪೇಂಟ್ ಅದು. ಕಮಲಾಪುರದಲ್ಲಿ ಅವರ ತಂದೆಗೆ ತಗಡಿನ ಅಲಮಾರಿಗಳಿಗೆ ಬಣ್ಣ ಹೊಡೆಯುವ ಶೆಡ್ ಇತ್ತು. ಹಸಿ ಪೇಂಟಿನ ಮೇಲೆ ರಬ್ಬರಿನ ಬಾಚಣಿಗೆ ಎಳೆದು ತಗಡನ್ನು ಸಾಗವಾನಿ ಕಟ್ಟಿಗೆಯಂತೆ ಕಾಣುವ ಹಾಗೆ ಮಾಡುವ ಕೆಲಸ. ರವಿವಾರ ಮೇಡಂ ಅಲ್ಲಿ ಬಾಚಣಿಗೆ ಹಿಡಿಯುತ್ತಿದ್ದರು. ಸೋಮವಾರ ಬಸ್ಸು ಹತ್ತಿ ಕಲಬುರಗಿಗೆ ಬಂದು, ಶರಣಬಸವೇಶ್ವರ ಗುಡಿಯ ಹತ್ತಿರದ ಒಂದು ಮಹಡಿಯ ಸೆಂಟರಿನಲ್ಲಿ ನಮಗೆ ಕಂಪ್ಯೂಟರಿನ ಸ್ಕ್ರೀನ್ ಮೇಲೆ ಕಾಣುವ ಬಟನ್, ಪುಟಗಳನ್ನು ವಿನ್ಯಾಸ ಮಾಡುವುದನ್ನು ಕಲಿಸುತ್ತಿದ್ದರು.

ಬೂದು ಬಣ್ಣದ ಬಟನ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಾನು ಮೊದಲ ಸಲ ಮಾಡಿ ತೋರಿಸಿದ ಸ್ಕ್ರೀನ್ ನೋಡಿ, "ಏನವ್ವಾ ಇದು, ಬ್ಯಾನಿ ಬಿದ್ದವರ ಮಾರಿ ಇದ್ದಂಗ ಅದ. ಇದಕ್ಕೊಂದು ಮೈ ಕೊಡು" ಅಂದಿದ್ದರು. ಮೈ ಕೊಡುವುದೆಂದರೆ ಬಟನ್‌ನ ಹಿನ್ನೆಲೆಗೆ ಕಲ್ಲಿನದೋ ಬಟ್ಟೆಯದೋ ಕಟ್ಟಿಗೆಯದೋ ಚಿತ್ರ ಹಾಕುವುದು. ಕೇಳಲು ಸುಲಭ. ಮಾಡಹೋದರೆ ಚಿತ್ರದ ತುಂಡುಗಳು ಕೂಡುವಲ್ಲಿ ಗೆರೆ ಬೀಳುತ್ತದೆ, ಬಟನ್ ಅಗಲ ಮಾಡಿದರೆ ಕಲ್ಲಿನ ಚಿತ್ರ ಕಣಕದಂತೆ ಜಗ್ಗಿಹೋಗುತ್ತದೆ, ಮೇಲಿನ ಅಕ್ಷರ ಮುಳುಗಿಹೋಗುತ್ತದೆ. ಅಂಚನ್ನು ಹಾಗೇ ಉಳಿಸಿ ನಡುವಿನ ಭಾಗವನ್ನಷ್ಟೇ ಹಿಗ್ಗಿಸುವುದನ್ನೂ, ಅಕ್ಷರದ ಕೆಳಗೆ ಸಾದಾ ಪಟ್ಟಿ ಇಡುವುದನ್ನೂ ಅವರೇ ಕಲಿಸಿದರು. ಇನ್ನು ಪ್ರತಿ ಬಟನ್‌ಗೂ ಎರಡನೇ ಚಿತ್ರ ಬೇಕೇಬೇಕು, ಒತ್ತಿದಾಗ ಒಳಗೆ ತಗ್ಗಿದಂತೆ ಕಾಣಲು. "ಒತ್ತಿದ್ದು ಒತ್ತಿದಂಗ ಕಾಣಬೇಕು. ಇಲ್ಲಂದ್ರ ಮಂದಿ ನಮ್ಮ ಮಾತು ಯಾರೂ ಕೇಳಲಿಲ್ಲ ಅಂತ ತಿಳ್ಕೋತಾರ" ಎನ್ನುತ್ತಿದ್ದರು. ಈ ಮಾತನ್ನು ಎಷ್ಟು ಸಲ ಕೇಳಿದ್ದೇವೋ ದೇವರಿಗೇ ಗೊತ್ತು.

ಅವರ ಜೊತೆ ದಾರಿ ನಡೆಯುವುದೇ ಒಂದು ಫಜೀತಿ. ಜಗತ್ ಸರ್ಕಲ್ಲಿನ ಗದ್ದಲದಲ್ಲಿ ನಿಂತು ಯಾವುದೋ ಅಂಗಡಿಯ ಹಳೇ ಬಾಗಿಲನ್ನು ಸವರಿ ಸವರಿ ಫೋಟೊ ತೆಗೆಯುತ್ತಿದ್ದರು. ಆಟೊದವರು ಬೈದರೆ "ರೋಡ್ ನಿಮ್ಮಪ್ಪಂದೇನು?" ಎಂದು ತಿರುಗಿ ಬೈಯುತ್ತಿದ್ದರು. ನನಗೆ ನಾಚಿಕೆಯಾಗಿ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸುತ್ತಿತ್ತು.

ನಾನು ಕಲಿತು ಸೆಂಟರಿನಲ್ಲೇ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಮೇಲೆ ಊರಿನ ಒಂದು ಖಾಸಗಿ ಆಸ್ಪತ್ರೆಯ ಕೆಲಸ ಬಂತು. ಬಾಗಿಲಲ್ಲೇ ಟಚ್ ಸ್ಕ್ರೀನ್. ಯಾವ ಡಾಕ್ಟರ್ ಬೇಕೋ ಆ ಬಟನ್ ಒತ್ತಿದರೆ ಟೋಕನ್ ಚೀಟಿ ಬರಬೇಕು. ಮೇಡಂ ಪಟ್ಟು ಹಿಡಿದು ಒಂದೊಂದಕ್ಕೂ ಒಂದೊಂದು ಮೈ ಕೊಟ್ಟರು. ಎಲುಬಿನ ಡಾಕ್ಟರಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲು, ಮಕ್ಕಳ ಡಾಕ್ಟರಿಗೆ ತುಂಡು ಬಟ್ಟೆ ಕೂಡಿಸಿ ಹೊಲಿದ ಕೌದಿ, ಜ್ವರ-ಕೆಮ್ಮು ನೋಡುವವರಿಗೆ ಜೋಳದ ರೊಟ್ಟಿ. ರೊಟ್ಟಿ ತಾವೇ ಬಡಿದರು. ಚುಕ್ಕೆ ಚೆಂದಾಗಿ ಬಿದ್ದಿದ್ದ ರೊಟ್ಟಿಯನ್ನು ಫೋಟೊ ತೆಗೆಯುವ ಮೊದಲೇ ಅವರ ಅಪ್ಪ ತಿಂದುಬಿಟ್ಟರೆಂದು ಆ ದಿನವಿಡೀ ಉರಿಯುತ್ತಿದ್ದರು. ಚರ್ಮದ ಡಾಕ್ಟರಿಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಸಿಪ್ಪೆ ಹಾಕಿದ್ದು ಮಾತ್ರ ಎಡವಟ್ಟಾಯಿತು. "ನನ್ನ ಪೇಶಂಟ್ ಬಾಳೆಹಣ್ಣೇನ್ರಿ?" ಎಂದು ಆ ಡಾಕ್ಟರ್ ಕೂಗಾಡಿದರು. ಮೇಡಂ ಗೊಣಗುತ್ತಲೇ ಅದನ್ನು ಮಲ್‌ಮಲ್ ಬಟ್ಟೆಗೆ ಬದಲಿಸಿದರು.

ಸ್ಕ್ರೀನ್ ಶುರುವಾದ ವಾರವೇ ನಮ್ಮ ಅಮ್ಮಿಗೆ, ಅಂದರೆ ನನ್ನ ತಾಯಿಗೆ, ಜ್ವರ ಬಂತು. ಅಮ್ಮಿಗೆ ಉರ್ದು ಬಿಟ್ಟರೆ ಬೇರೆ ಅಕ್ಷರ ಬಾರದು. ಆಸ್ಪತ್ರೆಗೆ ಹೋದಾಗಲೆಲ್ಲ ವಾಚ್‌ಮನ್‌ಗೆ ಗೋಗರೆದು ಬೈಸಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು. ಜ್ವರಕ್ಕೆ ರೊಟ್ಟಿ ಒತ್ತಬೇಕು ಎಂದು ಮನೆಯಲ್ಲೇ ಹೇಳಿದ್ದೆ. ನಾನು ಸ್ಕೂಟಿ ನಿಲ್ಲಿಸಿ ಬರುವಷ್ಟರಲ್ಲಿ ಅಮ್ಮಿ ಚೀಟಿ ಎತ್ತಿ ಹಿಡಿದು ನಿಂತಿದ್ದಳು. "ರೋಟಿ ದಬಾಯಿ, ಚಿಟ್ಠಿ ಆಗಯಿ. ಮೈಚ್ ದಬಾಯಿ!" ರೊಟ್ಟಿ ಒತ್ತಿದೆ, ಚೀಟಿ ಬಂತು, ನಾನೇ ಒತ್ತಿದೆ ಎಂದು ಆ ಜ್ವರದಲ್ಲೂ ಅವಳ ಮುಖ ಅರಳಿತ್ತು.

ಮುಂದೆ ಆಸ್ಪತ್ರೆಗೆ ಹೊಸ ಮ್ಯಾನೇಜರ್ ಬಂದರು. ಇದೆಲ್ಲ ಹಳೇ ಫ್ಯಾಶನ್, ಹುಡುಗಾಟ, ಈಗ ಎಲ್ಲ ಕಡೆ ಚಿತ್ರವಿಲ್ಲದ ಫ್ಲಾಟ್ ಬಟನ್, ಆ ರೊಟ್ಟಿ ಗಿಟ್ಟಿ ತೆಗೆದುಹಾಕಿ ಅಂದರು.

"ಎಲ್ಲಿ ಒತ್ತಬೇಕಂತ ಹೆಂಗ ಗೊತ್ತಾಗಬೇಕ್ರಿ?" ಎಂದರು ಮೇಡಂ.

"ಓದಿದ್ರ ಗೊತ್ತಾಗ್ತದಲ್ರಿ."

"ಓದಾಕ ಬರದವರಿಗೆ ಬ್ಯಾನಿ ಬರಂಗಿಲ್ಲೇನು? ನಾ ತೆಗ್ಯಂಗಿಲ್ರಿ. ಬೇರೆಯವರನ್ನ ನೋಡ್ಕೋರಿ."

ನೋಡಿಕೊಂಡರು. ಆ ಕೆಲಸ ಕೈತಪ್ಪಿತೆಂದು ಸೆಂಟರಿನ ಮಾಲೀಕರು ಮೇಡಂ ಅವರನ್ನು ಕೆಲಸದಿಂದ ಬಿಡಿಸಿದರು. ಅವರು ಬಾಚಣಿಗೆ ಹಿಡಿಯಲು ಕಮಲಾಪುರಕ್ಕೆ ಹೋದರು, ಹೋಗುವಾಗ ತಾವು ಅಲ್ಲಿಯವರೆಗೆ ತೆಗೆದಿದ್ದ ಚಿತ್ರಗಳನ್ನೆಲ್ಲ ನನ್ನ ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಆಸ್ಪತ್ರೆಯ ಬಾಗಿಲಿಗೆ ಬಿಳಿ ಸ್ಕ್ರೀನ್ ಬಂತು, ಅಮ್ಮಿ ಮತ್ತೆ ವಾಚ್‌ಮನ್ ಮುಂದೆ ನಿಂತಳು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಹೋದ ವರ್ಷ ಮೇಡಂ ಅವರ ಆರೋಗ್ಯ ಪೂರ್ತಿ ಕೆಟ್ಟಿತು. ಅವರಿಗೆ ಬೇಕಾದ ಡಾಕ್ಟರ್ ಇದ್ದದ್ದು ಅದೇ ಆಸ್ಪತ್ರೆಯಲ್ಲಿ. ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದೊಯ್ದು ಸ್ಕ್ರೀನ್ ಒತ್ತಿದೆ. ಅಲ್ಲಿ ಏನೂ ಅಲುಗಲಿಲ್ಲ. "ಒತ್ತಿದೇನು? ನನಗ ಕಾಣಲಿಲ್ಲ" ಅಂದರು. ಚೀಟಿ ಬಂದ ಮೇಲೂ ಬಿಡಲಿಲ್ಲ, ಕುರ್ಚಿಯನ್ನು ಕೌಂಟರಿಗೆ ತಳ್ಳಿಸಿಕೊಂಡು ಹೋಗಿ, "ನಿಮ್ಮ ಸ್ಕ್ರೀನಿಗೆ ಜೀವ ಇಲ್ರಿ. ನನಗಿಂತ ಮೊದಲು ಅದನ್ನ ಅಡ್ಮಿಟ್ ಮಾಡ್ಕೋರಿ" ಎಂದು ಜಗಳಕ್ಕೇ ನಿಂತರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಚಳಿಗಾಲ ಅವರು ದಾಟಲಿಲ್ಲ. ಮಣ್ಣಿಗಿಡುವಾಗಲೂ ಉಗುರಿನ ಆ ಗೆರೆ ಹಾಗೇ ಇತ್ತು.

ಈ ವರ್ಷ ಆ ಸ್ಕ್ರೀನ್ ಬದಲಿಸುವ ಕೆಲಸ ನಾನೀಗ ಇರುವ ಕಂಪನಿಗೆ, ನನ್ನ ಮೇಜಿಗೇ ಬಂತು. ಆಸ್ಪತ್ರೆ ಮಂಜೂರು ಮಾಡಿದ ನಮೂನೆ ಬೆಳ್ಳಗೆ ಬೋಳಾಗಿತ್ತು. ಪೆನ್‌ಡ್ರೈವ್ ತೆಗೆದು ಕಲ್ಲು, ಕೌದಿ, ರೊಟ್ಟಿ ಎಲ್ಲ ವಾಪಸ್ ಹಾಕಿದೆ, ಒತ್ತಿದರೆ ತಗ್ಗುವ ಎರಡನೇ ಚಿತ್ರದ ಸಮೇತ. "ಇದಕ್ಕ ಯಾರು ಪರ್ಮಿಶನ್ ಕೊಟ್ಟಾರ?" ಎಂದು ನಮ್ಮ ಕಂಪನಿಯ ಮ್ಯಾನೇಜರ್ ಕೇಳಿದರು. "ನಮ್ಮ ಮೇಡಂ ಕೊಟ್ಟಾರ್ರಿ" ಅಂದೆ. ತೆಗೆಯುವುದಿದ್ದರೆ ನನ್ನನ್ನೂ ಸೇರಿಸಿ ತೆಗೆಯಲಿ ಎಂದು ಹೇಳಿ ಬಂದಿದ್ದೇನೆ. ಸದ್ಯಕ್ಕೆ ನಾನೂ ಇದ್ದೇನೆ, ರೊಟ್ಟಿಯೂ ಇದೆ. ನಿನ್ನೆ ಅಮ್ಮಿ, ಜ್ವರ ಇಲ್ಲದಿದ್ದರೂ, ಹೋಗಿ ಒತ್ತಿ ಬಂದಿದ್ದಾಳೆ.