ಅಳಿಯನ ಕೊರಳಿನ ಟೈ

ಬಾದಾಮಿ ಕಡೆಯಿಂದ ಗೋವಾದ ಮಡಗಾಂವಿಗೆ ಬಂದ ಯಮನೂರ ಮೊದಲು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಹಲಗೆಯಿಂದ ಬಿದ್ದು ಮೊಣಕಾಲು ಸೋತ ಮೇಲೆ ಶವಪೆಟ್ಟಿಗೆ ಮಾಡುವ ಅಂಗಡಿ ಸೇರಿದ. ಸತ್ತ ಕ್ರೈಸ್ತರ ಮೈ ತೊಳೆದು, ಮನೆಯವರು ತಂದುಕೊಟ್ಟ ಸೂಟು ತೊಡಿಸುವುದು ಅವನ ಪಾಲಿಗೆ ಬಂತು. ಟೈ ಕಟ್ಟುವುದನ್ನು ಮಾಲೀಕ ಕಲಿಸಿದ: ಅಂಗಿಗಿಂತ ಟೈಯ ಬಣ್ಣ ಗಾಢವಿರಬೇಕು, ಕಿರಿದಾದ ಕಾಲರಿಗೆ ಸಣ್ಣ ಗಂಟು ಹಾಕಬೇಕು, ತುದಿ ಬೆಲ್ಟಿನ ಬಕಲ್ ಮುಟ್ಟಿ ನಿಲ್ಲಬೇಕು. ಬೇಗನೆ ಯಮನೂರನ ಕೈ ಮಾಲೀಕನ ಕೈಯನ್ನೂ ಮೀರಿಸಿತು. ಆದರೆ ಏನು ಕೆಲಸವೆಂದು ಯಾರಾದರೂ ಕೇಳಿದರೆ, "ಬಡಗ್ಯಾರ ಅಂಗಡ್ಯಾಗ ಅದೇನ್ರಿ," ಎನ್ನುತ್ತಿದ್ದ. ಮಗಳು ನಂದಾಳನ್ನು ಕೊಡಲಿದ್ದ ಬೀಗರಿಗೂ ಹಾಗೇ ಹೇಳಿದ್ದ.

ಮದುವೆ ಗೋವಾದಲ್ಲೇ, ಪರ್ವರಿಯಲ್ಲಿ. ಬೆಳಿಗ್ಗೆ ತಾಳಿ ಕಟ್ಟಿ ಆಗಿತ್ತು, ಸಂಜೆ ರಿಸೆಪ್ಶನ್. ಅಳಿಯ ಶಿವಲಿಂಗ ಹೋಟೆಲೊಂದರಲ್ಲಿ ಸಾಮಾನು ಹೊರುವವನು. ಬೂದು ಸೂಟು ಹೊಲಿಸಿದ್ದ. ಕೆಂಪು, ನೀಲಿ ಎರಡು ಟೈ ತಂದಿದ್ದರು. ಹೊಳೆಯುವ ಕೆಂಪು ಟೈ ಹಿಡಿದುಕೊಂಡು, ಕಟ್ಟುವುದು ಹೇಗೆಂದು ಗೆಳೆಯರು ಮೊಬೈಲ್ ನೋಡಿ ನೋಡಿ ಸೋತರು.

"ಇಲ್ಲಿ ಕೊಡ್ರಿ," ಎಂದ ಯಮನೂರ. "ಆದ್ರ ಕೆಂಪು ಬ್ಯಾಡ. ಬೂದ ಕೋಟಿಗೆ ಆ ನೀಲಿದು ಚಲೋ ಕಾಣತೈತಿ. ಗದ್ದ ಎತ್ರಿ, ಅಳಿಯಂದ್ರ."

ಬೆರಳಿನಡಿ ಕೊರಳು ಬೆಚ್ಚಗಿತ್ತು, ಉಗುಳು ನುಂಗಿತು. ಬದುಕಿದ್ದವರಿಗೆ ಅವನು ಟೈ ಕಟ್ಟಿದ್ದು ಅದೇ ಮೊದಲು. ಗಂಟು ಅಚ್ಚುಕಟ್ಟಾಗಿ ಕೂತಿತು. ಶಿವಲಿಂಗ ಕನ್ನಡಿ ನೋಡಿಕೊಂಡು ಬಗ್ಗಿ ಮಾವನ ಕಾಲು ಮುಟ್ಟಿದ.

ಮಡಗಾಂವಿನಲ್ಲಿ ಮನೆಗೆಲಸ ಮಾಡುವ ಗೌರಿಬಾಯಿ, ಗಂಡಿನ ಕಡೆಯ ನೆಂಟಳು, ಮೆಚ್ಚಿಗೆಯಿಂದಲೇ ಹೇಳಿದಳು: "ನಾ ಕೆಲಸ ಮಾಡೋ ಮನಿ ಸಾಹೇಬ್ರು ತೀರಿಕೊಂಡಾಗೂ ಇವರ ಬಂದಿದ್ರು. ಇದ ಗಂಟು. ಪೆಟ್ಟಿಗ್ಯಾಗ ಮದುಮಗನ ಹಂಗ ಮಲಗಿದ್ರು."

ಶಿವಲಿಂಗನ ಸೋದರಮಾವ ದೇವಲಪ್ಪ ಎದ್ದು ಬಂದ.

"ಹೆಣಾ ತೊಳಿಯೋ ಕೈಲೆ ನಮ್ಮ ಹುಡುಗನ ಕೊರಳು ಮುಟ್ಟಿದೇನು? ಹೆಸರಿನ್ಯಾಗನ ಯಮನ್ನ ಇಟಗೊಂಡಾನ."

ಗೆಳೆಯರಲ್ಲಿ ಯಾರೋ ನಕ್ಕರು. ಶಿವಲಿಂಗ ಟೈ ಕಿತ್ತೆಸೆಯಲು ತಪ್ಪು ತುದಿ ಜಗ್ಗಿದ. ಗಂಟು ಬಿಗಿಯಿತು, ಮುಖ ಕೆಂಪೇರಿತು. ಸಡಿಲಿಸಲು ಯಮನೂರ ಕೈ ಚಾಚಿದರೆ ದೇವಲಪ್ಪ ಆ ಕೈಗೆ ಹೊಡೆದ. ಕೇಕಿಗೆಂದು ತಂದಿಟ್ಟ ಚಾಕುವಿನಿಂದ ಟೈ ಕೊಯ್ದರು. ಮದುಮಗನಿಗೆ ಮತ್ತೆ ತಲೆಗೆ ನೀರು ಹಾಕಿಸಿದರು.

ನಂದಾ ತಂದೆಯ ಮುಖ ನೋಡಲಿಲ್ಲ. "ಅಪ್ಪಾ, ನೀ ಮನಿಗೆ ಹೋಗು," ಎಂದಳು.

ಬಾಗಿಲಾಚೆ ನೆಲದ ಮೇಲೆ ಊಟದ ತಟ್ಟೆ ಇಡಿಸಿದ ದೇವಲಪ್ಪ. "ಉಂಡು, ತಾಟು ನೀನ ತಿಪ್ಪಿಗೆ ಒಗದು ಹೋಗು." ಯಮನೂರ ಬೆಳಗಿನಿಂದ ಉಪವಾಸವಿದ್ದ. ಕುಕ್ಕರುಗಾಲಲ್ಲಿ ಕೂತು ಉಂಡ.

ಆಮೇಲೆ ನಂದಾಳನ್ನು ತವರಿಗೆ ಕಳಿಸಲಿಲ್ಲ. ಮಳೆಗಾಲ ಕಳೆದ ಮೇಲೆ ಶಿವಲಿಂಗನಿಗೆ ಹೋಟೆಲಿನ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ದಿನಾ ಟೈ ಕಟ್ಟಬೇಕು. ನಂದಾ ವಿಡಿಯೋ ಕಾಲ್ ಮಾಡಿದಳು.

"ಗಂಟು ಹಾಕೂದು ತೋರಸು. ಮುಖ ಬ್ಯಾಡ, ಕೈ ಅಷ್ಟ. ಅವ್ರು ನೋಡಾಕತ್ತಾರ."

ಯಮನೂರನಿಗೆ ತನ್ನ ಕೊರಳಿಗೆ ತಾನು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಮಾಲೀಕ ಕಲಿಯಲೆಂದು ಕೊಟ್ಟಿದ್ದ ಹಳೆ ಟೈಯನ್ನು ನೀರಿನ ಕೊಡದ ಕುತ್ತಿಗೆಗೆ ಸುತ್ತಿ, ಫೋನನ್ನು ಹೆಂಡತಿ ಹುಲಿಗೆವ್ವನ ಕೈಗೆ ಕೊಟ್ಟು, ನಿಧಾನವಾಗಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

"ತಿಳೀತೇನವ್ವಾ? ನೀ ಹೆಂಗಿದ್ದಿ?"

"ಕಟ್ ಆಗೇತಿ," ಎಂದಳು ಹುಲಿಗೆವ್ವ.

ಮರುದಿನ ಅವನೇ ಫೋನ್ ಮಾಡಿದ. ಹತ್ತಲಿಲ್ಲ. ಅವನ ನಂಬರನ್ನು ಅವರು ಬ್ಲಾಕ್ ಮಾಡಿದ್ದರು.